ಹಲ್ಲು ಹಾರಿದ ಬೆಲ್ಟು

ಹಂಪಾಪುರದ ಮೇಲೆ ಮಾನಂದವಾಡಿಗೆ ಹೊರಟ ಗಾಡಿಗಳಿಗೆ ಸಂಜೆ ಆರರೊಳಗೆ ಬಾವಲಿ ರಸ್ತೆಯ ಕಾಡಿನ ಗೇಟು ದಾಟುವ ಆತುರ. ಆ ಹೊತ್ತಿನಲ್ಲಿ ಎಂಜಿನ್ ನಿಂತರೆ ಡ್ರೈವರು ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾನೆ, ಆಮೇಲೆ ನಾಲ್ಕು ಜನ ಸೇರಿ ತಳ್ಳುತ್ತಾರೆ. ಟೈಮಿಂಗ್ ಬೆಲ್ಟು ಹಲ್ಲು ಹಾರಿದ್ದರೆ, ಅಂದರೆ ಪುಲ್ಲಿಯ ಮೇಲೆ ಜಾರಿ ಜಾಗ ತಪ್ಪಿದ್ದರೆ, ಸಣ್ಣ ಖರ್ಚು ದೊಡ್ಡದಾಗುವುದು ಹೀಗೆಯೇ.

ಮೊದಲು ಕಿವಿಗೊಡಬೇಕು. ಕಂಪ್ರೆಷನ್ ಸರಿಯಿದ್ದಾಗ ಸೆಲ್ಫ್ ಸದ್ದು ಜಗ್ಗಿ ಜಗ್ಗಿ ಬರುತ್ತದೆ. ಒಂದೊಂದು ಪಿಸ್ಟನ್ನೂ ಗಾಳಿ ಒತ್ತುವಾಗ ಮೋಟಾರು ತಿಣುಕುತ್ತದೆ. ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆದರೆ ಒತ್ತಲು ಗಾಳಿಯೇ ಉಳಿಯುವುದಿಲ್ಲ. ಸದ್ದು ಒಂದೇ ಸಮನೆ, ಹಗುರವಾಗಿ, ಜರ್ರನೆ ಓಡುತ್ತದೆ. ಅದು ಕೇಳಿದ ಕ್ಷಣ ಕೀ ತೆಗೆದುಬಿಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಬಲು ಕಡಿಮೆ, ತಿರುಗಿಸುತ್ತಲೇ ಇದ್ದರೆ ಎರಡೂ ತಾಗಿ ವಾಲ್ವು ಬಾಗಬಹುದು.

ಒಂದೇ ಹಲ್ಲು ಹಾರಿದ್ದರೆ ಪತ್ತೆ ಕಷ್ಟ. ಗಾಡಿ ಓಡುತ್ತದೆ, ಆದರೆ ಪಿಕಪ್ ಇಲ್ಲ, ಐಡ್ಲಿಂಗಿನಲ್ಲಿ ನಡುಕ, ಮೈಲೇಜೂ ಇಳಿದಿರುತ್ತದೆ. ಹೊಗೆ ನೋಡಿ ನೋಜಲ್ ಬಿಚ್ಚುವವರು ಇಲ್ಲೇ ದಾರಿ ತಪ್ಪುವುದು. ಸ್ಕ್ಯಾನರ್ ಪಿ0016 ಎಂದು ತೋರಿಸಬಹುದು. ಕ್ರ್ಯಾಂಕಿಗೂ ಕ್ಯಾಮಿಗೂ ಲೆಕ್ಕ ಕೂಡುತ್ತಿಲ್ಲ ಎಂದಷ್ಟೇ ಅದರ ಮಾತು. ಸೆನ್ಸರಿನ ವೈರು ಕೆಟ್ಟರೂ ಅದೇ ಕೋಡು ಬಂದೀತು. ಕವರ್ ಬಿಚ್ಚಿ ಗುರುತು ನೋಡಲೇಬೇಕು.

ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸಿ, ಒಂದನೇ ಪಿಸ್ಟನ್ನನ್ನು ಮೇಲಕ್ಕೆ ತಂದು ಪುಲ್ಲಿಗಳ ಗುರುತು ಹೋಲಿಸಬೇಕು. ಗಟ್ಟಿಯಾಗಿ ಏನೋ ತಡೆದರೆ ಬಲ ಹಾಕಬೇಡಿ. ಅದು ಪಿಸ್ಟನ್ ವಾಲ್ವಿಗೆ ತಾಗಿದ ಸೂಚನೆಯಾಗಿರಬಹುದು.

ನನ್ನನ್ನು ತುಂಬ ನೋಯಿಸುವುದು ಮುಂದಿನ ತಪ್ಪು. ಗುರುತು ತಪ್ಪಿದ ಸ್ಥಿತಿಯಲ್ಲೇ ಕಂಪ್ರೆಷನ್ ಗೇಜ್ ಹಾಕಿ, ಮುಳ್ಳು ಏಳಲಿಲ್ಲವೆಂದು ಹೆಡ್ ಇಳಿಸುತ್ತಾರೆ. ಟೈಮಿಂಗ್ ತಪ್ಪಿದಾಗ ವಾಲ್ವು ನೆಟ್ಟಗಿದ್ದರೂ ಕಂಪ್ರೆಷನ್ ಸಿಗದು! ತಿರುಗಿಸುವಾಗ ಏನೂ ತಡೆಯದಿದ್ದರೆ ಬೆಲ್ಟನ್ನು ಗುರುತಿಗೆ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿದ ಮೇಲೆ ಗೇಜ್ ಹಾಕಬೇಕು. ಆಗಲೂ ಒಂದು ಸಿಲಿಂಡರ್ ಸೋತರೆ, ಅದರ ವಾಲ್ವುಗಳೆಲ್ಲ ಮುಚ್ಚಿರಬೇಕಾದ ಜಾಗಕ್ಕೆ ತಂದು ಗಾಳಿ ತುಂಬಿ. ಏರ್ ಫಿಲ್ಟರ್ ಕಡೆ ಸುಯ್ ಎಂದರೆ ಇನ್‌ಲೆಟ್ ವಾಲ್ವು, ಸೈಲೆನ್ಸರ್ ಕಡೆಯಾದರೆ ಎಕ್ಸಾಸ್ಟ್. ಹೆಡ್ ಬಿಚ್ಚಲು ಅದು ತಕ್ಕ ಕಾರಣ.

ಎಲ್ಲ ಗಾಡಿಗೂ ಬೆಲ್ಟು ಇರುವುದಿಲ್ಲ. ಹಳೇ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿಗಳಿಗೆ ಚೈನಿತ್ತು. ಬಿಡದಿಯಲ್ಲಿ ತಯಾರಾದ 2005ರ ಇನ್ನೋವಾ ಡೀಸೆಲ್‌ಗೆ ಬೆಲ್ಟು, 2016ರ ಕ್ರಿಸ್ಟಾ ಡೀಸೆಲ್‌ಗೆ ಮತ್ತೆ ಚೈನು. ಹಳೇ ಇನ್ನೋವಾ ಕೊಳ್ಳುವವರು ಮೀಟರಿನ ಟಿ-ಬೆಲ್ಟ್ ದೀಪವನ್ನು ಪೂರ್ತಿ ನಂಬಬಾರದು. ಬೆಲ್ಟು ಬದಲಿಸದೆಯೂ ಅದನ್ನು ಆರಿಸಬಹುದು.

ಜಾರಿದ ಬೆಲ್ಟನ್ನು ಎಸೆಯಲು ಬಿಡಬೇಡಿ, ಬೆಳಕಿಗೆ ಹಿಡಿದು ನೋಡಿ. ಎಣ್ಣೆಯಲ್ಲಿ ನೆಂದಿದ್ದರೆ ಸೀಲ್ ಸೋರುತ್ತಿದೆ. ಅಂಚು ನೂಲು ಬಿಟ್ಟಿದ್ದರೆ ಪುಲ್ಲಿಯೋ ಟೆನ್ಷನರೋ ಓರೆಯಾಗಿದೆ. ಒಂದೇ ಕಡೆ ಸಾಲಾಗಿ ಹಲ್ಲು ಕಿತ್ತಿದ್ದರೆ ಯಾವುದೋ ಪುಲ್ಲಿ ತಿರುಗದೆ ಹಿಡಿದಿರಬೇಕು. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಅದರ ಬೇರಿಂಗನ್ನು ಮೊದಲು ನೋಡಿ.