‘ಮೋಡಶೀ’ ಶಬ್ದವಿಚಾರ

ಕಾಳೀನದಿಯ ಉತ್ತರಕ್ಕೆ, ಗೋವೆಯ ಗಡಿಗೆ ಹತ್ತಿದ ಮಾಜಾಳಿಯ ಸೀಮೆಯಲ್ಲಿ ಕನ್ನಡ, ಕೊಂಕಣಿ, ಮರಾಠಿಗಳು ಬಹುಕಾಲದಿಂದ ಕೂಡಿ ಬಾಳುತ್ತಿವೆ. ಇಂತಹ ಗಡಿನಾಡಿನ ರೋಗನಾಮಗಳನ್ನು ಒಂದೇ ಭಾಷೆಯ ನಿಘಂಟಿನಿಂದ ತೂಗಲಾಗದು. ವಾಂತಿಭೇದಿಯ ಬೇನೆಗೆ ಕೊಂಕಣ ಕರಾವಳಿಯಲ್ಲಿ ರೂಢವಾಗಿದ್ದ ‘ಮೋಡಶೀ’ ಎಂಬುದು ಇದಕ್ಕೆ ನಿದರ್ಶನ.

ಈ ಶಬ್ದವನ್ನು ಪೋರ್ತುಗೀಜರು ‘ಮೋರ್ದೆಶಿಂ’ ಎಂದರು. ಫ್ರೆಂಚರ ಬಾಯಲ್ಲಿ ಅದು ‘ಮೋರ್ ದ ಶಿಯೆಂ’ ಆಯಿತು. ಫ್ರೆಂಚಿನಲ್ಲಿ ಇದಕ್ಕೆ ‘ನಾಯಿಯ ಸಾವು’ ಎಂದರ್ಥವಾದುದರಿಂದ ರೋಗಿಯ ದಾರುಣಮರಣವೇ ಹೆಸರಿಗೆ ಕಾರಣವೆಂದು ಭ್ರಮಿಸಿದವರುಂಟು. ಈ ವ್ಯುತ್ಪತ್ತಿಯು ಗ್ರಾಹ್ಯವಲ್ಲ. 1563ರಲ್ಲಿ ಗೋವೆಯಲ್ಲಿ ಮುದ್ರಿತವಾದ ತನ್ನ ಸಂವಾದಗ್ರಂಥದಲ್ಲಿ ವೈದ್ಯ ಗಾರ್ಸಿಯಾ ದ ಓರ್ತನು, ದೇಶೀಯರ ಹೆಸರು ‘ಮೋರ್ಶಿ’ ಎಂದೂ, ತನ್ನವರು ಅದನ್ನೇ ಕೆಡಿಸಿ ನುಡಿಯುವರೆಂದೂ ತಿಳಿಸಿರುವನು. ಮರಾಠಿಯ ‘ಮೋಡಣೇ’ ಎಂಬ ಧಾತುವಿಗೆ ಮುರಿಯುವುದು ಎಂದರ್ಥ; ದೇಹಬಲವು ಮುರಿದು ಕುಸಿಯುವುದೇ ‘ಮೋಡಶೀ’. ನಮ್ಮ ಮೂರ್ಧನ್ಯ ಡಕಾರವು ಪೋರ್ತುಗೀಜಿನಲ್ಲಿ ಇಲ್ಲದುದರಿಂದ ಅದರ ಸ್ಥಾನದಲ್ಲಿ ರೇಫವು ಬಂದಿತು.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಈ ಹೆಸರು ರೋಗಿಯ ಅವಸ್ಥೆಯನ್ನು ಹೇಳುವುದೇ ಹೊರತು ರೋಗವು ಹರಡುವ ಬಗೆಯನ್ನಲ್ಲ. ಸಂಸ್ಕೃತದ ‘ವಿಸೂಚಿಕಾ’ ಶಬ್ದವೂ ಅಂತಹುದೇ. ಸೂಜಿಯಿಂದ ಚುಚ್ಚಿದಂತಹ ಅಂಗವೇದನೆಯಿಂದ ಸುಶ್ರುತನು ಆ ಹೆಸರನ್ನು ಸಾಧಿಸಿ, ರೋಗಕ್ಕೆ ಅಜೀರ್ಣವನ್ನು ಮೂಲವೆಂದಿರುವನು. ಆದರೆ ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದ ಮೊದಲಾದುವು ಮನುಷ್ಯನಿಂದ ಮನುಷ್ಯನಿಗೆ ದಾಟುವುವೆಂದು ಹೇಳುವೆಡೆಯಲ್ಲಿ ಆತನು ಪ್ರಯೋಗಿಸಿದ್ದು ಸಂಪೂರ್ವಕವಾದ ‘ಕ್ರಮ್’ ಧಾತುವನ್ನು. ನಮ್ಮ ‘ಸಾಂಕ್ರಾಮಿಕ’ ಶಬ್ದವು ಆ ಧಾತುವಿನದೇ. ಅಲ್ಲಿ ವಿಸೂಚಿಕೆಯ ಹೆಸರಿಲ್ಲ. ‘ಅಂಟುಜಾಡ್ಯ’ವೆಂಬ ಕನ್ನಡ ಪದವಾದರೋ ಸ್ಪರ್ಶವನ್ನೇ ಮುಂದಿಡುವುದು.

ಆದುದರಿಂದ ‘ಮೋಡಶೀ’ಯನ್ನು ‘ಸಾಂಕ್ರಾಮಿಕ ಕಾಲರಾ’ ಎಂದು ಕಣ್ಮುಚ್ಚಿ ಅನುವಾದಿಸುವುದು ಯುಕ್ತವಲ್ಲ. 1543ರಲ್ಲಿ ಗೋವೆಯನ್ನು ಪೀಡಿಸಿದ ರೋಗಕ್ಕೆ ಗಾಸ್ಪಾರ್ ಕೊರೆಯನು ಇದೇ ಹೆಸರನ್ನು ಕೊಟ್ಟಿರುವನು. ಆ ರೋಗವು, 1817ರಿಂದ ಬಂಗಾಳದಲ್ಲಿ ತೊಡಗಿ ದೇಶಾಂತರಗಳಿಗೆ ವ್ಯಾಪಿಸಿದ ಕಾಲರಾ ಅಹುದೋ ಅಲ್ಲವೋ ಎಂಬುದನ್ನು ಆತನು ವರ್ಣಿಸಿದ ಲಕ್ಷಣಗಳಿಂದ ನಿರ್ಣಯಿಸಬೇಕಲ್ಲದೆ ಹೆಸರೊಂದರಿಂದಲ್ಲ. ಬರಿಯ ಅಜೀರ್ಣದ ವಾಂತಿಭೇದಿಗೂ ಈ ಹೆಸರು ಸಲ್ಲುತ್ತಿದ್ದಿತು. ಯೋಗಾರ್ಥವು ಶಬ್ದದ ಹುಟ್ಟನ್ನು ತೋರಿಸಬಲ್ಲುದು. ರೋಗದ ಜಾತಿಯನ್ನು ತೋರಿಸಲಾರದು. ಹಳೆಯ ಬರಹಗಳಿಂದ ರೋಗಚರಿತ್ರೆಯನ್ನು ಕಟ್ಟುವವರೂ, ನಿಘಂಟುಕಾರರೂ, ಪಾಠ ಹೇಳುವ ಉಪಾಧ್ಯಾಯರೂ ಈ ಭೇದವನ್ನು ಮರೆಯಬಾರದು.