ಹದಿನಾರು ಹಂತ, ಬಳಕೆಗೆ ಎರಡೇ

ಸಿಸ್ಕೊ ಸ್ವಿಚ್‌ಗಳ ಐಓಎಸ್ ತಂತ್ರಾಂಶ ಬಳಕೆದಾರರ ಅಧಿಕಾರವನ್ನು 0ಯಿಂದ 15ರವರೆಗೆ ಹದಿನಾರು ಹಂತಗಳಾಗಿ ವಿಂಗಡಿಸುತ್ತದೆ. ಕೇಳಿದರೆ ಉದಾರವಾದ ಏರ್ಪಾಡು ಅನಿಸುತ್ತದೆ. ಆದರೆ ಹೊಸ ಸ್ವಿಚ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು 1 ಮತ್ತು 15 ಮಾತ್ರ. ಒಂದರಲ್ಲಿ ಕೆಲವನ್ನು ನೋಡಬಹುದು, ಹದಿನೈದರಲ್ಲಿ ಏನು ಬೇಕಾದರೂ ಮಾಡಬಹುದು. ನಡುವಿನ ಹಂತಗಳಿಗೆ ಯಾವ ಆಜ್ಞೆ ಸೇರಬೇಕೆಂದು ನಾವೇ ಗೊತ್ತುಮಾಡಬೇಕು.

ತೊಡಕು ಶುರುವಾಗುವುದೇ ಅಲ್ಲಿ. ರಾತ್ರಿ ಪಾಳಿಯ ಆಪರೇಟರ್‌ಗೆ ಒಂದು ಪೋರ್ಟನ್ನು ಮುಚ್ಚಿ ತೆರೆಯುವ ಹಕ್ಕು ಕೊಡಬೇಕು ಅಂದುಕೊಳ್ಳಿ. ‘ಕಾನ್ಫಿಗರ್ ಟರ್ಮಿನಲ್’, ‘ಇಂಟರ್‌ಫೇಸ್’, ‘ಶಟ್‌ಡೌನ್’ ಮೂರನ್ನೂ 5ನೇ ಹಂತಕ್ಕೆ ಇಳಿಸಬೇಕು. ಇಳಿಸಿದ ಮೇಲೆ ಆತ ಮೇಜಿನ ಪೋರ್ಟನ್ನೂ ಮುಚ್ಚಬಲ್ಲ, ಇಡೀ ಕಟ್ಟಡವನ್ನು ಹೊರಗೆ ಜೋಡಿಸುವ ಅಪ್‌ಲಿಂಕನ್ನೂ ಮುಚ್ಚಬಲ್ಲ. ‘ಶೋ ಐಪಿ ರೂಟ್’ ಒಂದನ್ನೇ 15ಕ್ಕೆ ಏರಿಸಿದರೆ ‘ಶೋ’ದಿಂದ ಶುರುವಾಗುವ ಉಳಿದ ಆಜ್ಞೆಗಳೂ ಅದರ ಜೊತೆ ಮೇಲೆ ಹೋಗುತ್ತವೆ. ಲೆಕ್ಕಪರಿಶೋಧಕರಿಗೆ ‘ಶೋ ರನ್ನಿಂಗ್-ಕಾನ್ಫಿಗ್’ ಕೊಟ್ಟರೆ, ಅವರು ಬದಲಿಸಬಲ್ಲ ಸಾಲುಗಳಷ್ಟೇ ಅವರಿಗೆ ಕಾಣುತ್ತವೆ. ಓದಲು ಮಾತ್ರ ಬಂದವರಿಗೆ ಓದಲು ಏನೂ ಉಳಿಯುವುದಿಲ್ಲ. ಮಾಡುವ ಕೆಲಸದ ಬಗೆಯನ್ನು ಅಂಕಿಯ ಎತ್ತರದಿಂದ ಅಳೆಯಲು ಹೊರಟದ್ದೇ ಈ ವಿನ್ಯಾಸದ ದೋಷ ಎಂಬುದು ನನ್ನ ಖಚಿತ ಅಭಿಪ್ರಾಯ. ಜೂನಿಪರ್ ಕಂಪನಿಯ ಜೂನೋಸ್ ತಂತ್ರಾಂಶದಲ್ಲಿ ‘ಆಪರೇಟರ್’, ‘ರೀಡ್-ಓನ್ಲಿ’, ‘ಸೂಪರ್-ಯೂಸರ್’ ಎಂದು ಹೆಸರುಳ್ಳ ವರ್ಗಗಳೇ ಇವೆ; ಬೇಕಾದ ಆಜ್ಞೆಯನ್ನು ನಾವೇ ರಚಿಸಿದ ವರ್ಗಕ್ಕೆ ಸೇರಿಸಬಹುದು, ತೆಗೆಯಬಹುದು. ಐಓಎಸ್‌ನಲ್ಲೂ ‘ಪಾರ್ಸರ್ ವ್ಯೂ’ ಎಂಬ, ಪಾತ್ರಕ್ಕೆ ತಕ್ಕಂತೆ ಆಜ್ಞೆಗಳನ್ನು ಕೊಡುವ ಉತ್ತಮ ಪರಿಹಾರ ಇದೆ. ಅದನ್ನು ಬಳಸುವವರು ವಿರಳ. ಬೇಸತ್ತ ಎಂಜಿನಿಯರ್ ಎಲ್ಲರಿಗೂ 15 ಕೊಟ್ಟು ಕೈತೊಳೆದುಕೊಳ್ಳುತ್ತಾನೆ.

ಪಾಸ್‌ವರ್ಡ್‌ನ ಕಥೆಯೂ ಹೆಮ್ಮೆಪಡುವಂಥದ್ದಲ್ಲ. ಪಾಸ್‌ವರ್ಡನ್ನು ಉಳಿಸಿಡುವ ವಿಧಾನಗಳಲ್ಲಿ ‘ಟೈಪ್ 7’ ಬರೀ ಮರೆಮಾಚುವಿಕೆ, ಕ್ಷಣದಲ್ಲಿ ಬಿಡಿಸಬಹುದು. ಬಲವಾದದ್ದೆಂದು ತಂದ ‘ಟೈಪ್ 4’ ಹಳೆಯ ‘ಟೈಪ್ 5’ಕ್ಕಿಂತಲೂ ದುರ್ಬಲ ಎಂದು 2013ರಲ್ಲಿ ಬಯಲಾಯಿತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ್ದು ‘ಟೈಪ್ 8’ನ್ನು.

ಇದೆಲ್ಲ ಸಣ್ಣ ವಿಷಯವೆನ್ನುವವರು 2023ರ ಅಕ್ಟೋಬರ್ ನೆನೆಯಲಿ. ಐಓಎಸ್‌ನ ಹೊಸ ಪೀಳಿಗೆಯಾದ ಐಓಎಸ್ ಎಕ್ಸ್ಇಯ ವೆಬ್ ಪುಟದ ದೋಷವೊಂದನ್ನು ಹಿಡಿದು ದಾಳಿಕೋರರು ಸಾವಿರಾರು ಸಾಧನಗಳೊಳಗೆ ನುಗ್ಗಿದರು. ನುಗ್ಗಿದವರು ಮೊದಲು ಮಾಡಿಕೊಂಡದ್ದು 15ನೇ ಹಂತದ ಒಂದು ಸ್ಥಳೀಯ ಖಾತೆ. ಖಾತೆಗಳ ಪಟ್ಟಿಯನ್ನು ಆಗಾಗ ಓದುವವರಿಗೆ ಆ ಅಪರಿಚಿತ ಹೆಸರು ಕಣ್ಣಿಗೆ ಬೀಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹತ್ತು ಜನ ಹಂಚಿಕೊಳ್ಳುವ ‘ಅಡ್ಮಿನ್’ ಖಾತೆ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ನಿರ್ದೇಶನದಲ್ಲಿ 180 ದಿನಗಳ ಲಾಗ್ ಇಟ್ಟಿರಬೇಕೆಂದು ಹೇಳಿದೆ. ಪ್ರತಿ ಸಾಲಿನಲ್ಲೂ ‘ಅಡ್ಮಿನ್’ ಎಂದೇ ಇದ್ದರೆ ಆ ಲಾಗ್ ಯಾರ ಕೈಯನ್ನೂ ತೋರಿಸದು. ಕೆಲಸ ಬಿಟ್ಟು ಹೋದವರ ಕೈಯಲ್ಲೂ ಕೀಲಿ ಉಳಿದಿರುತ್ತದೆ.

ಸ್ವಿಚ್ ನೋಡಿಕೊಳ್ಳುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು: ದಿನನಿತ್ಯದ ಪ್ರವೇಶವನ್ನು ಬಳಕೆದಾರರನ್ನು ಒಂದೇ ಕಡೆಯಿಂದ ದೃಢೀಕರಿಸುವ ಟ್ಯಾಕಾಕ್ಸ್ ಅಥವಾ ರೇಡಿಯಸ್ ಸರ್ವರ್‌ಗೆ ಬಿಡಿ, ಪ್ರತಿಯೊಬ್ಬರಿಗೂ ಅವರದೇ ಹೆಸರಿರಲಿ. ಸರ್ವರ್ ಕೈಕೊಟ್ಟ ದಿನಕ್ಕೆಂದು ಒಂದೇ ಒಂದು ಸ್ಥಳೀಯ ಖಾತೆ ಉಳಿಸಿ, ಅದರ ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿಡಿ. ಲಕೋಟೆ ಒಡೆದ ಮರುದಿನವೇ ಆ ಪಾಸ್‌ವರ್ಡನ್ನು ಬದಲಿಸಿ.