ರೋಗಿಯ ಬಳಿ ಸಾಂತ್ವನ: ಧರ್ಮವೆಷ್ಟು, ವೆಚ್ಚ ಯಾರದು?

ಮಂಗಳೂರಿನ ಪಂಪ್‌ವೆಲ್ ವೃತ್ತಕ್ಕೆ ಭಗವಾನ್ ಮಹಾವೀರರ ಹೆಸರಿದೆ. ಬಸ್ಸಿನ ನಿರ್ವಾಹಕರು ಕೂಗುವುದು ಮಾತ್ರ ಪಂಪ್‌ವೆಲ್ ಎಂದೇ. ಅಲ್ಲಿಂದ ಅನತಿದೂರದ ಕಂಕನಾಡಿಯಲ್ಲಿ 1880ರಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಆರಂಭಿಸಿದ ಔಷಧಸೇವೆ ಇಂದು ಕೆಥೋಲಿಕ್ ಧರ್ಮಪ್ರಾಂತ್ಯದ ದೊಡ್ಡ ಆಸ್ಪತ್ರೆಯಾಗಿದೆ. ಇಂತಹ ಸಂಸ್ಥೆಗಳಲ್ಲಿ ರೋಗಿಗೆ ಪಾದ್ರಿಯ ಸಾಂತ್ವನವು ಸ್ಥಾಪಕರ ಸಂಕಲ್ಪದ ಅಂಗವೇ ಆಗಿರುವುದು ಸಹಜ. ಅನ್ಯಮತೀಯ ರೋಗಿಯ ಪಾಲಿಗೆ ಅಂತಹ ಏರ್ಪಾಡು ಏನಿರಬೇಕು, ಅದರ ವೆಚ್ಚ ಯಾರದೆಂಬುದು ವಿಚಾರಾರ್ಹ.

ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆಯೇ ಚಾಪ್ಲೇನರಿಗೆ ಸಂಬಳ ಕೊಡುತ್ತ ಬಂದಿದೆ. 2015ರ ಮಾರ್ಗಸೂಚಿಯು ಯಾವ ಮತಕ್ಕೂ ಸೇರದವರ ಅಗತ್ಯವನ್ನೂ ಒಪ್ಪಿತು. ನಮ್ಮ ಸಂವಿಧಾನದ 27ನೆಯ ವಿಧಿಯೋ ಒಂದು ಮತದ ಪೋಷಣೆಗಾಗಿ ತೆರಿಗೆ ಕೊಡುವಂತೆ ಯಾರನ್ನೂ ಬಲವಂತಪಡಿಸಬಾರದೆನ್ನುತ್ತದೆ. ಹಾಗಾದರೆ ಪ್ರತಿಯೊಂದು ಸಮಾಜವೂ ತನ್ನವರನ್ನು ತಾನೇ ಕಳುಹಿಸಲಿ ಎಂಬ ವಾದ ಸುಲಭವಾಗಿ ಹುಟ್ಟುತ್ತದೆ. ಈ ವಾದ ದುರ್ಬಲವಾದುದು. ಹಣವುಳ್ಳ ಸಮಾಜದ ರೋಗಿಗೆ ಜತೆಗಾರ, ಉಳಿದವರಿಗೆ ಗೋಡೆ ಎಂಬಂತಾಗುತ್ತದೆ.

ಜೈನರಿಗೆ ಈ ಸೇವೆ ಹೊಸತಲ್ಲ. ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಶಿವಕೋಟ್ಯಾಚಾರ್ಯರ ಭಗವತೀ ಆರಾಧನೆಯು ಸಲ್ಲೇಖನವ್ರತಿಯಾದ ಕ್ಷಪಕನ ಪರಿಚರ್ಯೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ: ಹೊರಳಿಸುವವರು, ಕಾವಲಿರುವವರು, ಧರ್ಮಕಥೆ ಹೇಳುವವರು. ಧರ್ಮೋಪದೇಶವು ಇಲ್ಲಿ ಹಲವು ಕೆಲಸಗಳಲ್ಲಿ ಒಂದು ಮಾತ್ರ ಎಂಬುದನ್ನು ಪುರಾಣಪ್ರವಚನಕಾರರು ಮರೆಯುತ್ತಾರೆ.

ಆದರೆ ಈ ಹೋಲಿಕೆಯನ್ನು ಎಳೆದಾಡಬಾರದು. ಕ್ಷಪಕನು ವ್ರತವನ್ನು ತಾನೇ ಬಯಸಿ ಪಡೆದವನು. ವಾರ್ಡಿನಲ್ಲಿರುವವನು ಗುಣವಾಗಲು ಬಂದವನು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರವನ್ನು ಅಪರಾಧವೆಂದಾಗ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನ ಸ್ವೇಚ್ಛೆಯ ವ್ರತವೆಂದು ಅಂದು ಸಮಾಜವೇ ವಾದಿಸಿತು. ಬಸದಿಯ ಸಂಬಳ ಪಡೆದವನೊಬ್ಬ ನೋವಿನಲ್ಲಿರುವ ವೃದ್ಧೆಗೆ ವ್ರತದ ಮಹಿಮೆಯನ್ನು ತಾನಾಗಿ ಹೇಳತೊಡಗಿದರೆ ಆ ವಾದ ಏನಾಗುತ್ತದೆ? ಆಕೆಗೆ ಬೇಕಿರುವುದು ಸೂರ್ಯಾಸ್ತಕ್ಕೆ ಮುನ್ನ ಊಟ, ಕಂದಮೂಲವಿಲ್ಲದ ಪಲ್ಯ, ಅದನ್ನು ದಾದಿಗೆ ತಾಳ್ಮೆಯಿಂದ ವಿವರಿಸುವ ಒಬ್ಬರು. ಇದಕ್ಕೆ ಪಂಡಿತರೇ ಆಗಬೇಕೆಂದಿಲ್ಲ, ಜೈನರೇ ಆಗಬೇಕೆಂದೂ ಇಲ್ಲ.

ಆದುದರಿಂದ ಟ್ರಸ್ಟುಗಳು ಅನ್ಯಸಮಾಜಗಳೊಡನೆ ಕೂಡಿ ಒಂದು ನಿಧಿಗೆ ಹಣ ಕೊಡುವುದು ಮೇಲು. ಕೇಳಿಸಿಕೊಳ್ಳುವುದರಲ್ಲಿ ತರಬೇತಿ ಪಡೆದವರನ್ನು ಆಸ್ಪತ್ರೆಯೇ ನೇಮಿಸಲಿ. ರೋಗಿ ಕೇಳಿದರೆ ಮಾತ್ರ ಅವರು ಪಾದ್ರಿಯನ್ನೋ ಮೌಲವಿಯನ್ನೋ ಪಂಡಿತರನ್ನೋ ಕರೆಸಲಿ. ಹಾಗೆ ಹೋಗುವ ಪಂಡಿತರ ಪ್ರಯಾಣದ ಖರ್ಚನ್ನು ಔಷಧದಾನದ ಲೆಕ್ಕದಲ್ಲಿ ಬರೆಯಲು ಯಾವ ಮೊಕ್ತೇಸರರಿಗೂ ಅಡ್ಡಿಯಿರಲಾರದು.